ಹರಿದ ಕಿವಿಯ ಎತ್ತಿಗೆ ನೊಗ

ದೊಡ್ಡಉಳ್ಳಾರ್ತಿ
28-10-2005

ಮೊಮ್ಮಗ ತಿಪ್ಪೇರುದ್ರನಿಗೆ,

ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ದನದ ಹಿಂದೆ ಹೋದ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯ. ಫೋನು ಮಾಡುತ್ತೇನೆಂದರೆ ನಿನ್ನ ಅಜ್ಜಿ ಕಾಟಮ್ಮ, ನೀವು ಬೈದು ಇಟ್ಟುಬಿಡ್ತೀರಿ, ಬರೀರಿ ಅಂತ ಕೂರಿಸಿದ್ದಾಳೆ. ಕೆಮ್ಮು ಹೋಯಿತೇ? ಹೈದರಾಬಾದಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನಾವು ಇದ್ದೇವೆ.

ನೀನು ಕಳಿಸಿದ ಸಿ.ಡಿ. ನೋಡಿದೆವು. ನಿಮ್ಮ ಕಂಪನಿಯವರು ಅಲ್ಲಿ ಕೂತು ಅಮೆರಿಕದವರಿಗೆ ಚಿತ್ರ ಬರೆದುಕೊಟ್ಟ ಗೊಂಬೆ ಪಿಕ್ಚರಿನಲ್ಲಿ ನಮ್ಮ ದೇವರ ಎತ್ತು ಬಂದಿದೆ ಎಂದೆಯಲ್ಲ, ಅದಕ್ಕೇ ಚಳ್ಳಕೆರೆಯಿಂದ ಬಾಡಿಗೆ ಟಿ.ವಿ. ತರಿಸಿ ಹಟ್ಟಿಯವರನ್ನೆಲ್ಲ ಕರೆದೆ. ಯಾವ ಊರಪ್ಪ ಅದು? ನಮ್ಮ ದನ ಮೇಯುವ ಕಾವಲಿನಲ್ಲಿ ಆನೆ, ಅರಮನೆ, ಹಾವಾಡಿಸುವವರು. ದೇವರ ದನ ಕಾಯುವ ಕಿಲಾರಿಗೆ ರಾಜನ ಪೇಟ, ಕಾಲಿಗೆ ಜರಿಯ ಜೋಡು. ಜೀವಮಾನವೆಲ್ಲ ದನದ ರೊಪ್ಪದೊಳಗೆ ಬರಿಗಾಲಲ್ಲೇ ನಡೆದ ನಮ್ಮ ಕಿಲಾರಿ, ನಿನ್ನ ಚಿಕ್ಕಜ್ಜ ಜೋಗಪ್ಪ, ಅದಕ್ಕೂ ನಕ್ಕ. ಎತ್ತು ಮಾತಾಡಿದ್ದಕ್ಕೂ ನಕ್ಕ. ದೂರದವರು, ಅವರಿಗೇನು ಗೊತ್ತು, ಹಾಳಾಗಲಿ ಅಂದೆ ನಾನು.

ಪಿಕ್ಚರಿನ ಕೊನೆಗೆ ಮಾಡಿದ್ದೇನು? ಕೂತು ತಿನ್ನುವ ಸೋಮಾರಿ ಎಂದು ಊರೆಲ್ಲ ಆ ಎತ್ತನ್ನು ಹಂಗಿಸಿತು. ಅದು ನಾಚಿಕೊಂಡು ತಾನೇ ಹೋಗಿ ನೊಗಕ್ಕೆ ಹೆಗಲು ಕೊಟ್ಟು ಬಂಡಿ ಎಳೆಯಿತು. ಆಗ ಎಲ್ಲರೂ ಹಾಡಿ ಕುಣಿದರು. ದೇವರಿಗೆ ಬಿಟ್ಟ ಎತ್ತನ್ನು ಹೂಡಬಾರದು, ಮಾರಬಾರದು, ಸತ್ತರೆ ಮನುಷ್ಯರಂತೆ ಮಣ್ಣು ಮಾಡಬೇಕು. ಇದು ನಿನಗೆ ಗೊತ್ತಿಲ್ಲವೇ? ಜೋಗಪ್ಪ ಎದ್ದು ಹೊರಗೆ ಹೋದ.

ಹಟ್ಟಿಯ ಹುಡುಗರು ಚಪ್ಪಾಳೆ ತಟ್ಟಿದರು. ಮಾರನೆ ದಿನ ಎಲ್ಲಿಂದಲೋ ಮುರುಕು ನೊಗ ತಂದು ರೊಪ್ಪದ ಕರುವಿನ ಕೊರಳ ಮೇಲೆ ಇಟ್ಟಿದ್ದರು. ಜೋಗಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ನೊಗ ಇಳಿಸಿ ಕರುವಿನ ಕಾಲ ಹತ್ತಿರ ಕುಂತುಬಿಟ್ಟ. "ಇನ್ ನಾನ್ಯಾಕೆ ಕಾಯ್ಲಣ್ಣ? ನಾಳೆ ಇವ್ರೇ ಹೂಡ್ತಾರೆ" ಅಂದ. ಅವನು ಬಿಟ್ಟರೆ ಹಟ್ಟಿಯಲ್ಲಿ ಇನ್ನೊಬ್ಬ ಕಿಲಾರಿಯೂ ಇಲ್ಲ.

ಅಜ್ಜಿ ಆಶೀರ್ವಾದ ಹೇಳಿದ್ದಾಳೆ. ನನ್ನದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಅಜ್ಜ,
ಬೊಮ್ಮಲಿಂಗಪ್ಪ

ಮತ್ತೆ: ಪಿಕ್ಚರಿನ ಎತ್ತಿಗೆ ಎಡಗಿವಿ ಹರಿದಿತ್ತು, ನಮ್ಮ ರೊಪ್ಪದ ಎತ್ತಿಗಿರುವ ಹಾಗೇ. ಆ ಕಿವಿಯನ್ನು ಅಮೆರಿಕದವರು ಕಂಡಿಲ್ಲ, ನೀನು ಕಂಡಿದ್ದೀಯ. ಕಿವಿ ಬರೆದ ಕೈಯೇ ನೊಗವನ್ನೂ ಬರೆಯಿತೋ? ಹೂಡಬಾರದು ಅಂತ ಅವರಿಗೆ ಒಂದು ಮಾತು ಹೇಳಿದೆಯೋ ಇಲ್ಲವೋ? ಬರುವ ತಿಂಗಳು ಹದಿನಾಲ್ಕನೇ ತಾರೀಕು ಸೋಮವಾರ ಜೋಗಪ್ಪ ಹಿರಿಯರ ಮುಂದೆ ತನ್ನ ಕೋಲು ಇಟ್ಟು ಕಿಲಾರಿ ಕೆಲಸ ಬಿಡುತ್ತಾನಂತೆ. ನಮ್ಮ ಹುಡುಗ ಅವರಿಗೆ ಹೇಳಿದ್ದನಾ ಅಂತ ಅವನು ನನ್ನನ್ನು ಕೇಳುವುದು ಅದೊಂದೇ. ಹನ್ನೆರಡನೇ ತಾರೀಕಿನೊಳಗೆ ಉತ್ತರ ಬರಬೇಕು.