ಬಸ್ಸು ಬಿಟ್ಟು ನಿಂತವನು

ನವೆಂಬರ್ 3, ಮಂಗಳವಾರ

ಇಪ್ಪತ್ತೊಂಬತ್ತು ಓಟುಗಳಿಂದ ಸೋತೆ. ಗುಡ್ಡದ ಮೇಲಿನ ಶಾಲೆಯನ್ನು ಇನ್ನು ಮುಚ್ಚುತ್ತಾರೆ. ಅದನ್ನು ಉಳಿಸಲೆಂದೇ ಶಾಲಾ ಮಂಡಳಿಯ ಚುನಾವಣೆಗೆ ನಿಂತಿದ್ದೆ. ಶಾಲೆಯ ನೌಕರರು ನಿಲ್ಲುವಂತಿಲ್ಲವೆಂದು, ಹತ್ತೊಂಬತ್ತು ವರ್ಷ ಓಡಿಸಿದ ಶಾಲೆಯ ಬಸ್ಸನ್ನೂ ಬಿಟ್ಟಿದ್ದೆ.

ಎಣಿಕೆ ಮುಗಿದ ಮೇಲೆ, ರಾತ್ರಿ ಊಟದ ಹೊತ್ತಿಗೆ ಡ್ವೇನ್ ಫೋನ್ ಮಾಡಿದ. ಇಷ್ಟು ದಿನ ಬದಲಿ ಚಾಲಕರು ಓಡಿಸಿದ ನನ್ನ ಬಸ್ಸು ನಿನ್ನೆಯಿಂದ ಅವನದು.

"ನಾಳೆ ಹಿಮ ಬೀಳುತ್ತಂತೆ, ವೆಂಡಲ್. ಆ ಗುಡ್ಡದ ತಿರುವಲ್ಲಿ ನೀನು ಬಸ್ಸನ್ನ ಹೆಂಗ್ ಇಳಿಸ್ತಿದ್ದೆ?"

ಹೇಳಿದೆ. ಆಮೇಲೆ, ಕೇಳಬಾರದಿತ್ತು, ನನಗೆ ಓಟು ಹಾಕಿದೆಯಾ ಎಂದು ಕೇಳಿದೆ.

"ಆ ಶಾಲೆ ಮುಚ್ಚಿದ್ರೆ ಮಕ್ಕಳನ್ನ ದೂರದ ಶಾಲೆಗೆ ಬಿಡಬೇಕು, ನಂಗೆ ದಿನಾ ಎರಡು ಗಂಟೆ ಜಾಸ್ತಿ ಕೆಲಸ ಸಿಗುತ್ತೆ ಕಣೋ."

ಫೋನ್ ಇಟ್ಟುಬಿಡಬೇಕೆನಿಸಿತು. ಇಡಲಾಗಲಿಲ್ಲ.

"ಪುಟ್ಟ ಇಂಗ್ರಿಡ್ ಕೊನೇ ಸೀಟಲ್ಲಿ ನಿದ್ದೆ ಹೋಗಿರ್ತಾಳೆ," ಅಂದೆ. "ಬಾಗಿಲು ಹಾಕೋ ಮೊದಲು ಬಗ್ಗಿ ನೋಡು."