ಬಾಗಿಲ ಮೇಲಿನ ನೀಲಿ ಗೆರೆ

ಅಪ್ಪ, ನಮಸ್ಕಾರ.

ಹೋದ ಸಲ ಬಂದಾಗ ಇಲ್ಲಿನ ಪ್ರಾರ್ಥನಾ ಮಂದಿರದಲ್ಲಿ ನೀವು ಎದ್ದು ನಿಂತು, "ದೇವರಿಗೂ ನಮಗೂ ನಡುವೆ ದಲ್ಲಾಳಿ ಯಾಕೆ?" ಎಂದು ಗುರುಗಳನ್ನೇ ಕೇಳಿದಿರಲ್ಲ, ಅಂದಿನಿಂದ ಅವರ ನಿಲುವಂಗಿ ಹೊಲಿಯುವ ಕೆಲಸ ನಿಮ್ಮ ಅಳಿಯನ ಕೈತಪ್ಪಿತು. ದಿನವೂ ಬೆಳಿಗ್ಗೆ ಯಾರೋ ನಮ್ಮ ಬಾಗಿಲಿಗೆ ಬಹಿಷ್ಕಾರದ ಗೆರೆ ಎಳೆದಿರುತ್ತಾರೆ, ನಾನು ಒರೆಸುತ್ತೇನೆ. ಇವತ್ತಿನ ಗೆರೆ ನೀಲಿ. ಬಟ್ಟೆ ಕತ್ತರಿಸುವ ಮುಂಚೆ ಇವರು ಗುರುತು ಹಾಕುವ ಚಾಕ್‌ನದು.

ಮಧ್ಯಾಹ್ನ ಗುರುಗಳ ನಿಲುವಂಗಿಯ ಬಟ್ಟೆ ಹೊಲಿಯಲು ಮತ್ತೆ ಇವರ ಅಂಗಡಿಗೆ ಬಂತು. ಊಟಕ್ಕೆ ಕೂತಾಗ ಇವರು, "ಮಾವ ಭಾನುವಾರ ಬರ್ತಾರೆ ತಾನೆ? ಒಬ್ಬರೇನಾ?" ಎಂದರು. ಹೂಂ ಎಂದೆ. ಇವರು ಅಂಗಡಿಗೆ ಹೋದ ಕೂಡಲೇ ಇದನ್ನು ಬರೆಯಲು ಕೂತೆ.

ಉತ್ತರ ಬರೆಯಬೇಡಿ, ಟಪಾಲು ಇವರ ಕೈಗೇ ಸಿಗುತ್ತದೆ. ಬರಲೂಬೇಡಿ ಅಪ್ಪ. ದೇವರು ಬುದ್ಧಿ ಕೊಟ್ಟಿದ್ದಾನೆ, ನಡುವೆ ಬಂದು ಕಾಪಾಡುವುದಿಲ್ಲ ಎಂದು ಹೇಳಿಕೊಟ್ಟವರು ನೀವೇ.

ನಿಮ್ಮ ಮಗಳು