ನಿಪ್ಪಲ್ ಕಂಡರೆ ಮುಖ ತಿರುಗಿಸುವ ಕರು

೧೪ನೇ ತಾರೀಖು, ಮಂಗಳವಾರ

ನನ್ನ ಮುನಿಸಿನ ಮಗಳೇ,

ನನ್ನ ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ಹೆದರಬೇಡ, ಮಗುವಿಗೆ ಹಾಲು ಹೇಗೆ ಕುಡಿಸಬೇಕೆಂದು ಇದರಲ್ಲಿ ಒಂದಕ್ಷರವೂ ಇಲ್ಲ. ‘ಅಮ್ಮಾ, ನಿನ್ನ ಉಪದೇಶ ನಿಲ್ಲೋವರೆಗೂ ನಮ್ಮನೆಗೆ ಬರಬೇಡ’ ಎಂದೆಯಲ್ಲ, ಅದು ನೆನಪಿದೆ. ಮೊಮ್ಮಗಳನ್ನು ನೋಡದೆ ಇಪ್ಪತ್ತೆರಡು ದಿನವಾಯಿತು ಎಂಬುದೂ ನೆನಪಿದೆ. ಇರಲಿ, ನಾನು ಬರೆಯಲು ಕುಳಿತದ್ದು ಕರುವಿನ ವಿಷಯ.

ಮೊನ್ನೆ ನಮ್ಮ ಹಸು ಕರು ಹಾಕಿದ ದಿನವೇ ಸತ್ತುಹೋಯಿತು. ಈಗ ಕರುವಿಗೆ ಪಕ್ಕದ ಮನೆಯ ಹಾಲು, ಬಾಟಲಿಯೇ ಗತಿ. ಆದರೆ ಆ ಹಾಳಾದ್ದು ನಿಪ್ಪಲ್ ಕಂಡರೆ ಸಾಕು, ಮುಖ ತಿರುಗಿಸುತ್ತದೆ. ಹಾಲು ಬೆಚ್ಚಗೆ ಮಾಡಿದೆ, ನಿಪ್ಪಲ್ಲಿನ ತೂತು ದೊಡ್ಡದು ಮಾಡಿದೆ, ಬೆರಳಿಗೆ ಹಾಲು ಸವರಿ ಬಾಯಿಗಿಟ್ಟೆ. ಬೆರಳನ್ನು ಚೀಪುತ್ತದೆ, ನಿಪ್ಪಲ್ ಇಟ್ಟರೆ ಉಗಿಯುತ್ತದೆ. ನನ್ನ ಬಟ್ಟೆ ಕುಡಿದಷ್ಟು ಹಾಲನ್ನೂ ಅದು ಕುಡಿದಿಲ್ಲ.

ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು. ಹಾಲು ಕುಡಿಯದ ಎಷ್ಟು ಕೂಸುಗಳನ್ನು ದಾರಿಗೆ ತಂದಿಲ್ಲ! ಅದೇ ಜಂಬದಲ್ಲಿ ಕರುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕತ್ತಿಗೆ ಟವೆಲ್ ಸುತ್ತಿ ಕುಡಿಸಲು ಕುಳಿತಿದ್ದೆ. ನಿನ್ನೆ ದನದ ಡಾಕ್ಟರು ಬಂದವರು ಅದನ್ನು ನೋಡಿ ತಲೆ ಚಚ್ಚಿಕೊಂಡರು. ‘ಇದೇನು ಮಗೂನಾ ಸಿಸ್ಟರ್? ಹಾಲು ಶ್ವಾಸಕ್ಕೆ ಹೋದ್ರೆ ಸತ್ತೇ ಹೋಗುತ್ತೆ’ ಎಂದು ಬೈದು, ಕೊಳವೆ ಹಾಕಿ ಹೊಟ್ಟೆಗೆ ಹಾಲಿಳಿಸಿದರು. ಇವತ್ತು ತಾನಾಗಿ ಕುಡಿಯದಿದ್ದರೆ ಉಳಿಯುವುದು ಕಷ್ಟವಂತೆ.

ಆಗಿನಿಂದ ಕರುವನ್ನು ನಿಲ್ಲಿಸಿಯೇ ಕುಡಿಸಲು ನೋಡುತ್ತಿದ್ದೇನೆ. ದವಡೆ ಹಿಡಿದೆ, ರಮಿಸಿದೆ, ಗದರಿದೆ. ಬೆಳಿಗ್ಗೆ ತಾಳ್ಮೆ ಕೆಟ್ಟು ಬೆನ್ನಿಗೊಂದು ಏಟೂ ಕೊಟ್ಟೆ. ಆಮೇಲೆ ಕೊಟ್ಟಿಗೆಯಲ್ಲೇ ಕುಳಿತು ಅತ್ತೆ. ನಿಮ್ಮಪ್ಪ ಗಡಿಯಾರ ರಿಪೇರಿ ಬಿಟ್ಟು ಎದ್ದು ಬಂದು, ‘ನೀನು ಸ್ವಲ್ಪ ಆಚೆ ಇರು ಕಣೇ, ಅದು ನಿನ್ನ ಕಂಡ್ರೇ ಹೆದರುತ್ತೆ’ ಎಂದರು. ಜೀವಮಾನದಲ್ಲಿ ಒಂದು ಬೆಕ್ಕಿಗೂ ಹಾಲಿಡದವರು ನನಗೆ ಹೇಳುತ್ತಾರೆ! ಸಿಟ್ಟಿನಲ್ಲಿ ಬಾಟಲಿಯನ್ನು ಅವರ ಕೈಗೆ ತುರುಕಿ, ಒಳಗೆ ಬಂದು ನಿನಗೆ ಬರೆಯುತ್ತಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡು. ಇದು ಉಪದೇಶವಲ್ಲ.

ನಿನ್ನ ಬಾಯಿಬಡುಕಿ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕೊಟ್ಟಿಗೆಗೆ ಹೋಗಿ ಇಣುಕಿದೆ. ನಿಮ್ಮಪ್ಪ ಗೋಡೆ ಕಡೆ ಮುಖ ಮಾಡಿ, ಬಾಟಲಿಯನ್ನು ಹಸುವಿನ ಕೆಚ್ಚಲಿನ ಹಾಗೆ ಕಾಲುಗಳ ನಡುವೆ ಹಿಂದಕ್ಕೆ ಹಿಡಿದು ಸುಮ್ಮನೆ ನಿಂತಿದ್ದರು. ಕರು ತಾನೇ ಹುಡುಕಿಕೊಂಡು ಬಂದು, ಅವರನ್ನು ಗುದ್ದಿ ಗುದ್ದಿ ಕುಡಿಯುತ್ತಿತ್ತು. ಅರ್ಧ ಬಾಟಲಿ ಖಾಲಿಯಾಗಿತ್ತು. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಆದರೆ ಒಳಗೆ ಕಾಲಿಡಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಕುಡಿದು ಮುಗಿಯುವವರೆಗೂ ಬಾಗಿಲಾಚೆಯೇ ನಿಂತಿದ್ದೆ. ನಿಮ್ಮ ಮನೆಯಲ್ಲೂ, ನೀನು ಮಗುವಿಗೆ ಹಾಲು ಕೊಡುವಾಗ ಹಾಗೆಯೇ ನಿಂತಿರುತ್ತೇನೆ. ಬರಲಾ?